ತಕ್ಕಡಿಯ ಮುಳ್ಳು ನಡುವೆ ನಿಂತಾಗ

ಲೋಕಸಭಾ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಸ್ಪಷ್ಟ ಬಹುಮತ ಬಾರದೆ ಹೋದಾಗಲೆಲ್ಲ ನಮ್ಮ ರಾಜಕೀಯ ವಲಯದಲ್ಲಿ ಎರಡು ಸಿದ್ಧ ಮಾತುಗಳು ಕೇಳಿಬರುತ್ತವೆ. ‘ದೇಶಕ್ಕೆ ಸ್ಥಿರ ಸರ್ಕಾರ ಬೇಕಿತ್ತು, ಜನಾದೇಶ ಅತಂತ್ರವಾಯಿತು’ ಎಂಬುದು ಒಂದು. ‘ಮತದಾರ ಪ್ರಭು ಜಾಣ, ಯಾರನ್ನು ಎಲ್ಲಿ ನಿಲ್ಲಿಸಬೇಕೋ ಅಲ್ಲಿಯೇ ನಿಲ್ಲಿಸಿದ್ದಾನೆ’ ಎಂಬುದು ಇನ್ನೊಂದು. 2004ರ ಮೇ ತಿಂಗಳಲ್ಲಿ ಕಾಂಗ್ರೆಸ್ 145, ಬಿಜೆಪಿ 138 ಸ್ಥಾನ ಪಡೆದಾಗ ಈ ಎರಡೂ ಮಾತುಗಳನ್ನು ಕೇಳಿದ್ದೆವು. 2024ರ ಜೂನ್ 4ರಂದು ಬಿಜೆಪಿಯ ಓಟ 240ಕ್ಕೆ ನಿಂತು ಸರಳ ಬಹುಮತಕ್ಕೆ 32 ಸ್ಥಾನ ಕೊರತೆಯಾದಾಗ ಮತ್ತೆ ಅವೇ ಮಾತುಗಳು ಮರುಕಳಿಸಿದವು. ಎರಡರಲ್ಲಿಯೂ ಇರುವುದು ಅರ್ಧಸತ್ಯ ಮಾತ್ರ ಎಂಬುದು ನನ್ನ ಅಭಿಪ್ರಾಯ. ಪಕ್ಷಗಳ ಬಲಾಬಲ ಸಮೀಪಕ್ಕೆ ಬರುವುದು ರೋಗವೂ ಅಲ್ಲ, ಮತದಾರನ ಪವಾಡವೂ ಅಲ್ಲ. ಹಾಗೆ ಬಂದ ಬಳಿಕ ನಾವು ಏನು ಮಾಡುತ್ತೇವೆ ಎಂಬುದೇ ಮುಖ್ಯ ಪ್ರಶ್ನೆ.

ಮೊದಲಿಗೆ ಈ ಸಮಬಲ ಹುಟ್ಟುವುದು ಎಲ್ಲಿ ಎಂಬುದನ್ನು ನೋಡಬೇಕು. ಮತಯಂತ್ರದಲ್ಲಿ ‘ಅತಂತ್ರ ಲೋಕಸಭೆ’ ಎಂಬ ಗುಂಡಿ ಇಲ್ಲ. ಬೀದರ್‌ನ ಮತದಾರ ಚಾಮರಾಜನಗರದ ಮತದಾರನೊಡನೆ ಸಮಾಲೋಚಿಸಿ ಮತ ಹಾಕುವುದಿಲ್ಲ. ಕೋಟ್ಯಂತರ ಜನ ತಮ್ಮ ತಮ್ಮ ಕಾರಣಗಳಿಗಾಗಿ ಒತ್ತಿದ ಗುಂಡಿಗಳ ಮೊತ್ತವನ್ನು ನಾವು ಒಬ್ಬನೇ ವ್ಯಕ್ತಿಯ ತೀರ್ಪೆಂಬಂತೆ ಓದುತ್ತೇವೆ. ವಾಸ್ತವದಲ್ಲಿ ಮತ ಮತ್ತು ಸ್ಥಾನಗಳ ನಡುವೆ ನಮ್ಮ ಚುನಾವಣಾ ಪದ್ಧತಿಯ ಗಣಿತ ಕುಳಿತಿದೆ. ಹೆಚ್ಚು ಮತ ಪಡೆದವನೇ ಗೆದ್ದಂತೆ ಎಂಬ ಈ ಪದ್ಧತಿಯಲ್ಲಿ ಮತ ಎಷ್ಟು ಬಂತು ಎಂಬುದಕ್ಕಿಂತ ಎಲ್ಲಿ ಬಂತು, ಯಾರ ಜತೆಗೂಡಿ ಬಂತು ಎಂಬುದೇ ಹೆಚ್ಚು ನಿರ್ಣಾಯಕ.

ಕೆಲವು ಅಂಕಿಗಳನ್ನು ಗಮನಿಸಿ. 1999ರಲ್ಲಿ ಕಾಂಗ್ರೆಸ್ ಸುಮಾರು ಶೇ 28.3ರಷ್ಟು ಮತ ಪಡೆದು 114 ಸ್ಥಾನಗಳಿಗೆ ಕುಸಿಯಿತು. ಆಗ ಬಿಜೆಪಿ ಶೇ 23.8ರಷ್ಟು ಮತದಲ್ಲೇ 182 ಸ್ಥಾನ ಗಳಿಸಿತು. 2004ರಲ್ಲಿ ಕಾಂಗ್ರೆಸ್‌ನ ಮತ ಪ್ರಮಾಣ ಶೇ 26.5ಕ್ಕೆ ಇಳಿಯಿತು, ಸ್ಥಾನಗಳು ಮಾತ್ರ 145ಕ್ಕೆ ಏರಿದವು. ಮತ ಕಳೆದುಕೊಂಡೂ ಅಧಿಕಾರ ಗಳಿಸಿದ ಈ ವಿಚಿತ್ರದ ಹಿಂದೆ ಇದ್ದುದು ಮೈತ್ರಿಯ ಲೆಕ್ಕಾಚಾರ. 1999ರಲ್ಲಿ ಎನ್‌ಡಿಎ ಜತೆಗಿದ್ದ ಡಿಎಂಕೆ 2004ರ ವೇಳೆಗೆ ಕಾಂಗ್ರೆಸ್ ಕಡೆಗೆ ಬಂದಿತ್ತು. ಆ ಮೈತ್ರಿಕೂಟ ತಮಿಳುನಾಡಿನ 39 ಸ್ಥಾನಗಳನ್ನೂ ಬಾಚಿಕೊಂಡಿತು. ಏಳು ಸ್ಥಾನಗಳ ಅಂತರದ ಚುನಾವಣೆಯಲ್ಲಿ ಆ ಒಂದು ರಾಜ್ಯವೇ ತಕ್ಕಡಿಯ ಮುಳ್ಳನ್ನು ಹೊರಳಿಸಿತು. ‘ಭಾರತ ಪ್ರಕಾಶಿಸುತ್ತಿದೆ’ ಎಂಬ ಘೋಷಣೆಯನ್ನು ದೇಶ ತಿರಸ್ಕರಿಸಿತು ಎಂಬ ವ್ಯಾಖ್ಯಾನ ಆಕರ್ಷಕವಾಗಿದೆ. ಆದರೆ ಮುಳ್ಳು ಸರಿದದ್ದಕ್ಕೆ ಅದೊಂದೇ ಕಾರಣವಲ್ಲ.

ಇಪ್ಪತ್ತು ವರ್ಷಗಳ ಬಳಿಕ ನಡೆದದ್ದೂ ಹೆಚ್ಚುಕಡಿಮೆ ಅದೇ. 2019ರಲ್ಲಿ ಬಿಜೆಪಿಯ ಮತ ಪ್ರಮಾಣ ಸುಮಾರು ಶೇ 37.4. 2024ರಲ್ಲಿ ಶೇ 36.6. ಇಳಿಕೆ ಶೇಕಡ ಒಂದಕ್ಕಿಂತಲೂ ಕಡಿಮೆ, ಆದರೆ ಕಳೆದುಕೊಂಡ ಸ್ಥಾನಗಳು 63. ಉತ್ತರ ಪ್ರದೇಶವೊಂದರಲ್ಲೇ ಪಕ್ಷ 62ರಿಂದ 33ಕ್ಕೆ ಇಳಿಯಿತು. ಎದುರಾಳಿಗಳ ಮತಗಳು ಒಗ್ಗೂಡಿದವು, ಮತ ಕುಸಿದ ಜಾಗವೂ ಬಹು ಸ್ಥಾನಗಳ ಜಾಗವೇ ಆಗಿತ್ತು.

ಕರ್ನಾಟಕದ ಉದಾಹರಣೆ ಇನ್ನೂ ಸ್ವಾರಸ್ಯಕರ. 2004ರ ಲೋಕಸಭಾ ಚುನಾವಣೆಯಲ್ಲಿ ಇಲ್ಲಿ ಕಾಂಗ್ರೆಸ್‌ಗೆ ಸುಮಾರು ಶೇ 36.8, ಬಿಜೆಪಿಗೆ ಶೇ 34.8ರಷ್ಟು ಮತ ಬಂದವು. ಹೆಚ್ಚು ಮತ ಪಡೆದ ಕಾಂಗ್ರೆಸ್‌ಗೆ ದಕ್ಕಿದ್ದು 8 ಸ್ಥಾನ, ಬಿಜೆಪಿಗೆ 18. ಐದನೇ ಒಂದು ಪಾಲು ಮತ ಪಡೆದ ಜಾತ್ಯತೀತ ಜನತಾದಳಕ್ಕೆ ಕೇವಲ ಎರಡು. ಇದನ್ನು ಕನ್ನಡಿಗರ ‘ಸ್ಪಷ್ಟ ತೀರ್ಪು’ ಎಂದು ಕರೆಯಲು ಸಾಧ್ಯವೇ?

ಹಾಗೆಂದು ಮತದಾರನ ವಿವೇಕವನ್ನು ಪೂರ್ತಿ ಅಲ್ಲಗಳೆಯುವವನು ನಾನಲ್ಲ. ಒಂದು ಸದನವನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡುವ ಕಲೆಯನ್ನು ಕನ್ನಡ ನಾಡು ದೇಶಕ್ಕೆ ತೋರಿಸಿಕೊಟ್ಟಿದೆ. 1984ರ ಡಿಸೆಂಬರ್‌ನಲ್ಲಿ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 24 ಕಾಂಗ್ರೆಸ್ ಪಾಲಾದವು. ಇದನ್ನು ತಮ್ಮ ಸರ್ಕಾರದ ವಿರುದ್ಧದ ತೀರ್ಪೆಂದು ಪರಿಗಣಿಸಿ ರಾಮಕೃಷ್ಣ ಹೆಗಡೆ ರಾಜೀನಾಮೆಯಿತ್ತು ಹೊಸ ಚುನಾವಣೆ ಬಯಸಿದರು. ಮೂರೇ ತಿಂಗಳಲ್ಲಿ, 1985ರ ಮಾರ್ಚ್‌ನಲ್ಲಿ, ಅದೇ ಮತದಾರರು ಜನತಾ ಪಕ್ಷಕ್ಕೆ ವಿಧಾನಸಭೆಯ 224ರಲ್ಲಿ 139 ಸ್ಥಾನ ಕೊಟ್ಟರು. 2013ರಲ್ಲಿ ಕಾಂಗ್ರೆಸ್‌ಗೆ ವಿಧಾನಸೌಧ ಒಪ್ಪಿಸಿದ ರಾಜ್ಯ 2014ರಲ್ಲಿ ಬಿಜೆಪಿಯ 17 ಸಂಸದರನ್ನು ದೆಹಲಿಗೆ ಕಳುಹಿಸಿತು. 2023ರಲ್ಲಿ ಕಾಂಗ್ರೆಸ್‌ಗೆ 135 ಶಾಸಕರನ್ನು ಕೊಟ್ಟದ್ದೂ, ಮರುವರ್ಷ ಅದಕ್ಕೆ ಒಂಬತ್ತೇ ಸಂಸದರನ್ನು ಕೊಟ್ಟದ್ದೂ ಇದೇ ರಾಜ್ಯ. ಅಧಿಕಾರವೆಲ್ಲ ಒಂದೇ ಬುಟ್ಟಿಯಲ್ಲಿ ಬೀಳಬಾರದೆಂಬ ಎಚ್ಚರ ಇದರಲ್ಲಿ ಕೆಲಮಟ್ಟಿಗಾದರೂ ಇದೆ. ಆದರೆ ಒಂದೇ ಚುನಾವಣೆಯೊಳಗೆ ಪಕ್ಷಗಳ ಬಲವನ್ನು ಸರಿದೂಗಿಸುವುದು ಯಾವ ಮತದಾರನ ಕೈಯಲ್ಲೂ ಇಲ್ಲ. ಅಲ್ಲಿ ಅವನ ಕೈಯಲ್ಲಿರುವುದು ಒಂದು ಮತ.

ಆ ಒಂದು ಮತದ ಬೆಲೆ ಏನೆಂಬುದನ್ನೂ ನಾವು ಬಲ್ಲೆವು. 2004ರಲ್ಲಿ ಲೋಕಸಭೆಯೊಡನೆಯೇ ನಡೆದ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಿಂದ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ. 1989ರಲ್ಲಿ ಆಂಧ್ರದ ಅನಕಾಪಲ್ಲಿ, 1998ರಲ್ಲಿ ಆಗಿನ ಬಿಹಾರದ ರಾಜಮಹಲ್ ಲೋಕಸಭಾ ಕ್ಷೇತ್ರಗಳು ತೀರ್ಮಾನವಾದದ್ದು ಒಂಬತ್ತು ಒಂಬತ್ತು ಮತಗಳಿಂದ. ಸದನದೊಳಗಂತೂ 1999ರ ಏಪ್ರಿಲ್ 17 ಮರೆಯಲಾಗದ ದಿನ. ಎಐಎಡಿಎಂಕೆ ಬೆಂಬಲ ಹಿಂತೆಗೆದುಕೊಂಡ ಮೇಲೆ ವಿಶ್ವಾಸಮತ ಕೋರಿದ ಅಟಲ್ ಬಿಹಾರಿ ವಾಜಪೇಯಿ ಅವರಿಗೆ ಪರವಾಗಿ 269, ವಿರುದ್ಧವಾಗಿ 270 ಮತಗಳು ಬಿದ್ದವು. ಅಂದು ದೂರದರ್ಶನದ ಮುಂದೆ ಕುಳಿತಿದ್ದ ಲಕ್ಷಾಂತರ ಜನರಲ್ಲಿ ನಾನೂ ಒಬ್ಬ. ಒಡಿಶಾದ ಮುಖ್ಯಮಂತ್ರಿಯಾಗಿಯೂ ಲೋಕಸಭಾ ಸದಸ್ಯತ್ವ ಬಿಡದಿದ್ದ ಗಿರಿಧರ್ ಗಮಾಂಗ್ ಅವರ ಮತದ ಔಚಿತ್ಯದ ಬಗ್ಗೆ ಅಂದು ಎದ್ದ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ಆ ದಿನದ ನಿಜವಾದ ಪಾಠ ಬೇರೆಯೇ ಇದೆ. ಒಂದು ಮತದಿಂದ ಸೋತ ಪ್ರಧಾನಿ ಮರುಮಾತಿಲ್ಲದೆ ರಾಜೀನಾಮೆ ಕೊಟ್ಟರು. ಸದನದ ಎಣಿಕೆಯನ್ನು ಯಾರೂ ಧಿಕ್ಕರಿಸಲಿಲ್ಲ. ಪರ್ಯಾಯ ಸರ್ಕಾರ ರಚನೆ ಸಾಧ್ಯವಾಗದೆ ಹೋದಾಗ ದೇಶ ಮತ್ತೆ ಜನರ ಮುಂದೆ ಹೋಯಿತು. ನಡುವೆ ಕಾರ್ಗಿಲ್ ಯುದ್ಧ ನಡೆದರೂ ವ್ಯವಸ್ಥೆ ಕುಸಿಯಲಿಲ್ಲ. ಸಮಬಲದ ಚುನಾವಣೆಯನ್ನು ಕಾಪಾಡುವುದು ಅಂತರದ ಗಾತ್ರವಲ್ಲ, ಅಂತರವನ್ನು ಒಪ್ಪಿಕೊಳ್ಳುವ ಸಂಸ್ಕಾರ.

ಈಗ ಸ್ಥಿರತೆಯ ವಾದಕ್ಕೆ ಬರೋಣ. ಭಾರೀ ಬಹುಮತವಿಲ್ಲದೆ ದೇಶದಲ್ಲಿ ದೊಡ್ಡ ಕೆಲಸಗಳಾಗುವುದಿಲ್ಲ ಎಂಬ ನಂಬಿಕೆ ನಮ್ಮ ಮಧ್ಯಮ ವರ್ಗದಲ್ಲಿ ಆಳವಾಗಿ ಬೇರುಬಿಟ್ಟಿದೆ. ಇತಿಹಾಸ ಅದನ್ನು ಸಮರ್ಥಿಸುವುದಿಲ್ಲ. 1991ರ ಆರ್ಥಿಕ ಸುಧಾರಣೆಗಳನ್ನು ತಂದದ್ದು ಆರಂಭದಲ್ಲಿ ಬಹುಮತವೇ ಇಲ್ಲದಿದ್ದ ಪಿ.ವಿ. ನರಸಿಂಹ ರಾವ್ ಸರ್ಕಾರ. 1998ರ ಪೋಖ್ರಾನ್ ಪರಮಾಣು ಪರೀಕ್ಷೆ ನಡೆಸಿದ್ದು ಹಲವು ಪಕ್ಷಗಳ ಊರುಗೋಲಿನ ಮೇಲೆ ನಿಂತಿದ್ದ ಸರ್ಕಾರ. ಮಾಹಿತಿ ಹಕ್ಕು ಮತ್ತು ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಗಳೆರಡೂ 2005ರಲ್ಲಿ ಎಡಪಕ್ಷಗಳ ಬಾಹ್ಯ ಬೆಂಬಲದ ಕಾಲದಲ್ಲಿ ಬಂದವು.

ಪಂಚಾಯತ್ ರಾಜ್ ಕಥೆಯನ್ನು ಕನ್ನಡಿಗರು ವಿಶೇಷವಾಗಿ ನೆನೆಯಬೇಕು. ಅಬ್ದುಲ್ ನಜೀರ್ ಸಾಬ್ ಅವರ ಆಸ್ಥೆಯಿಂದ ಕರ್ನಾಟಕ 1983ರಲ್ಲಿಯೇ ಅಧಿಕಾರ ವಿಕೇಂದ್ರೀಕರಣದ ಕಾಯ್ದೆ ರೂಪಿಸಿ, 1987ರಲ್ಲಿ ಚುನಾವಣೆ ನಡೆಸಿ ದೇಶಕ್ಕೆ ದಾರಿ ತೋರಿತ್ತು. ಅಂಥ ವ್ಯವಸ್ಥೆಗೆ ಸಂವಿಧಾನದ ಮುದ್ರೆ ಒತ್ತಲು ಲೋಕಸಭೆಯಲ್ಲಿ 400ಕ್ಕೂ ಹೆಚ್ಚು ಸದಸ್ಯರಿದ್ದ ರಾಜೀವ್ ಗಾಂಧಿ 1989ರಲ್ಲಿ ತಿದ್ದುಪಡಿ ಮಸೂದೆ ತಂದರು. ರಾಜ್ಯಗಳನ್ನೂ ವಿರೋಧ ಪಕ್ಷಗಳನ್ನೂ ವಿಶ್ವಾಸಕ್ಕೆ ತೆಗೆದುಕೊಳ್ಳದ ಆ ಮಸೂದೆ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ಅದೇ ಆಶಯದ 73ನೇ ತಿದ್ದುಪಡಿಯನ್ನು 1992ರ ಡಿಸೆಂಬರ್‌ನಲ್ಲಿ ಅಂಗೀಕಾರ ಮಾಡಿಸಿದ್ದು ನರಸಿಂಹ ರಾವ್ ಅವರ ಸರ್ಕಾರ. ಮೂರನೇ ಎರಡರಷ್ಟು ಬಹುಮತ ಅದರ ಬಳಿ ಇರಲಿಲ್ಲ. ಆದ್ದರಿಂದಲೇ ಜಂಟಿ ಸಮಿತಿಯಲ್ಲಿ ಕುಳಿತು ಎದುರಾಳಿಗಳೊಡನೆ ಮಾತನಾಡಬೇಕಾಯಿತು. ನಾನೂರರ ಬಲದಿಂದ ಆಗದ ಕೆಲಸ ಮಾತುಕತೆಯಿಂದ ಆಯಿತು. ಬಹುಮತದ ಕೊರತೆ ಕೆಲವೊಮ್ಮೆ ಸರ್ಕಾರಕ್ಕೆ ಕಿವಿ ಕೊಡುತ್ತದೆ.

ಇದಕ್ಕೆ ಅಪವಾದಗಳಿಲ್ಲವೆಂದಲ್ಲ. ಎಚ್.ಡಿ. ದೇವೇಗೌಡರ ಸಂಯುಕ್ತ ರಂಗ ಸರ್ಕಾರ 1996ರಲ್ಲಿ ಮಂಡಿಸಿದ ಮಹಿಳಾ ಮೀಸಲಾತಿ ಮಸೂದೆ ಮೈತ್ರಿ ಯುಗದುದ್ದಕ್ಕೂ ಅಂಗೀಕಾರವಾಗದೆ ಉಳಿಯಿತು. ಅದೇ ಆಶಯದ ಇನ್ನೊಂದು ತಿದ್ದುಪಡಿ ಅಂಗೀಕಾರ ಕಂಡದ್ದು ಒಂದೇ ಪಕ್ಷಕ್ಕೆ ಪೂರ್ಣ ಬಹುಮತವಿದ್ದ 2023ರ ಲೋಕಸಭೆಯಲ್ಲಿ. ಜನತಾದಳಕ್ಕೆ 46 ಸ್ಥಾನಗಳಿದ್ದ ಆ ಸದನದಲ್ಲಿ ನಮ್ಮ ರಾಜ್ಯದ ಏಕೈಕ ಪ್ರಧಾನಿ ಒಂದು ವರ್ಷವನ್ನೂ ಪೂರೈಸಲಿಲ್ಲ. ಹೊರಗಿನಿಂದ ಬೆಂಬಲವಿತ್ತ ಕಾಂಗ್ರೆಸ್ ತನಗೆ ಬೇಕೆನಿಸಿದಾಗ ಕಾಲೆಳೆಯಿತು. ಹೊಣೆಯಿಲ್ಲದ ಬೆಂಬಲ ಎಂಥ ಟೊಳ್ಳು ಎಂಬುದು ಆಗ ಸಾಬೀತಾಯಿತು. ಸಮಬಲಕ್ಕೆ ಬೆಲೆ ತೆರಬೇಕಾಗುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ.

ಅದಕ್ಕಿಂತ ಅಪಾಯಕಾರಿಯಾದ ಬೆಲೆ ಇನ್ನೊಂದಿದೆ. ಎರಡು ಬಣಗಳ ನಡುವಿನ ಅಂತರ ಕಿರಿದಾದಷ್ಟೂ ನಡುವೆ ನಿಂತ ಸದಸ್ಯನ ದರ ಏರುತ್ತದೆ. 1993ರ ಜುಲೈನಲ್ಲಿ ನರಸಿಂಹ ರಾವ್ ಸರ್ಕಾರ ಅವಿಶ್ವಾಸ ನಿರ್ಣಯದಿಂದ ಪಾರಾದದ್ದು 265–251 ಮತಗಳಿಂದ. ಅದರ ಹಿಂದೆ ಜಾರ್ಖಂಡ್ ಮುಕ್ತಿ ಮೋರ್ಚಾ ಸಂಸದರಿಗೆ ಹಣ ಸಂದಾಯವಾದ ಹಗರಣವಿತ್ತು. 2008ರ ಜುಲೈ 22ರಂದು ಪರಮಾಣು ಒಪ್ಪಂದದ ವಿಶ್ವಾಸಮತದ ದಿನ ಲೋಕಸಭೆಯೊಳಗೇ ನೋಟಿನ ಕಂತೆಗಳನ್ನು ಪ್ರದರ್ಶಿಸಲಾಯಿತು. ಲಂಚ ಪಡೆದು ಮತ ಹಾಕುವ ಶಾಸನಸಭೆಯ ಸದಸ್ಯರಿಗೆ ವಿಶೇಷ ರಕ್ಷಣೆಯಿಲ್ಲ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಸ್ಪಷ್ಟವಾಗಿ ಹೇಳಲು 2024ರ ಮಾರ್ಚ್‌ವರೆಗೆ ಕಾಯಬೇಕಾಯಿತು.

ಈ ವ್ಯಾಪಾರಕ್ಕೆ ಹೊಸ ಮಾದರಿ ಹಾಕಿಕೊಟ್ಟ ಅಪಕೀರ್ತಿ ಕರ್ನಾಟಕದ್ದು. 1985ರ ಪಕ್ಷಾಂತರ ನಿಷೇಧ ಕಾಯ್ದೆಯನ್ನು 2003ರಲ್ಲಿ ಬಿಗಿಗೊಳಿಸಿ, ಮೂರನೇ ಒಂದರಷ್ಟು ಸದಸ್ಯರ ವಿಭಜನೆಗಿದ್ದ ರಿಯಾಯಿತಿಯನ್ನು ತೆಗೆದುಹಾಕಲಾಯಿತು. 2008ರಲ್ಲಿ 110 ಸ್ಥಾನ ಪಡೆದು ಬಹುಮತಕ್ಕೆ ಮೂರು ಸ್ಥಾನ ಕಡಿಮೆಯಿದ್ದ ಬಿಜೆಪಿ ಇಲ್ಲಿ ಇನ್ನೊಂದು ದಾರಿ ಕಂಡುಕೊಂಡಿತು. ವಿರೋಧ ಪಕ್ಷದ ಶಾಸಕರು ರಾಜೀನಾಮೆ ಕೊಟ್ಟು ಆಡಳಿತ ಪಕ್ಷದಿಂದ ಮರುಸ್ಪರ್ಧಿಸಿದರು. ‘ಆಪರೇಷನ್ ಕಮಲ’ ಎಂಬ ಪದ ದೇಶದ ರಾಜಕೀಯ ನಿಘಂಟಿಗೆ ಸೇರಿತು. 2019ರಲ್ಲಿ ಅದು ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆದು, ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಅವರ ಮೈತ್ರಿ ಸರ್ಕಾರ 99–105ರಿಂದ ಬಿದ್ದಿತು. ಹದಿನೇಳು ಶಾಸಕರು ಅನರ್ಹಗೊಂಡರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮರುಸ್ಪರ್ಧೆಗೆ ಅವಕಾಶ ಕೊಟ್ಟಿತು. ಡಿಸೆಂಬರ್‌ನ ಉಪಚುನಾವಣೆ ನಡೆದ 15 ಕ್ಷೇತ್ರಗಳಲ್ಲಿ 12 ಬಿಜೆಪಿ ಪಾಲಾದವು. ಆಯ್ಕೆಯಾದವರ ಮೂಲಕ ಜನರು ರೂಪಿಸಿದ ಬಲಾಬಲವನ್ನು ರೆಸಾರ್ಟುಗಳಲ್ಲಿ ತಿದ್ದಿ ಬರೆಯಲಾಯಿತು. ಇಂದು ಒಂದು ಪಕ್ಷ ಮಾಡಿದ್ದನ್ನು ನಾಳೆ ಇನ್ನೊಂದು ಪಕ್ಷ ಮಾಡದು ಎಂಬ ಖಾತರಿ ಯಾರಿಗೂ ಇಲ್ಲ.

ಆದ್ದರಿಂದಲೇ, ಪಕ್ಷಗಳ ನಡುವಿನ ಸಮತೋಲನವನ್ನು ಚುನಾವಣೆಯ ಅದೃಷ್ಟಕ್ಕೆ ಬಿಡದೆ ನಿಯಮಗಳಲ್ಲಿ ಕಟ್ಟಬೇಕು ಎಂದು ನಾನು ವಾದಿಸುತ್ತೇನೆ. ಇದಕ್ಕೆ ಮೊದಲ ಪರೀಕ್ಷೆ ವಿರೋಧ ಪಕ್ಷದ ನಾಯಕನ ಸ್ಥಾನ. 1977ರ ಕಾಯ್ದೆಯ ಪ್ರಕಾರ, ವಿರೋಧ ಪಕ್ಷಗಳ ಪೈಕಿ ಅತಿ ಹೆಚ್ಚು ಸದಸ್ಯಬಲವುಳ್ಳ ಪಕ್ಷದ ನಾಯಕ, ಸ್ಪೀಕರ್ ಮಾನ್ಯತೆ ಕೊಟ್ಟರೆ, ಆ ಸ್ಥಾನ ಪಡೆಯುತ್ತಾನೆ. ಸದನದ ಹತ್ತನೇ ಒಂದು ಪಾಲು, ಅಂದರೆ 55 ಸದಸ್ಯರಿರಬೇಕು ಎಂಬ ಷರತ್ತು ಆ ಕಾಯ್ದೆಯಲ್ಲಿಲ್ಲ, ಅದು ಹಳೆಯ ಸಂಪ್ರದಾಯ. 2014ರಲ್ಲಿ 44 ಸ್ಥಾನ, 2019ರಲ್ಲಿ 52 ಸ್ಥಾನ ಪಡೆದ ಕಾಂಗ್ರೆಸ್‌ಗೆ ಅದೇ ಕಾರಣದಿಂದ ಆ ಸ್ಥಾನ ಸಿಗಲಿಲ್ಲ. ಹತ್ತು ವರ್ಷ ಲೋಕಸಭೆಯಲ್ಲಿ ಅಧಿಕೃತ ವಿರೋಧ ಪಕ್ಷದ ನಾಯಕನೇ ಇರಲಿಲ್ಲ. ಲೋಕಪಾಲರ ಆಯ್ಕೆ ಸಮಿತಿಗೆ ‘ವಿಶೇಷ ಆಹ್ವಾನಿತ’ರಾಗಿ ಬರುವಂತೆ ಕರೆದಾಗ ಕಲಬುರಗಿಯ ಸಂಸದ ಮಲ್ಲಿಕಾರ್ಜುನ ಖರ್ಗೆ ನಿರಾಕರಿಸಿದರು. ಮತದ ಹಕ್ಕಿಲ್ಲದೆ ಕುಳಿತು ಬರುವುದರಲ್ಲಿ ಅರ್ಥವಿರಲಿಲ್ಲ. 2013ರ ಕಾಯ್ದೆಯ ಮೊದಲ ಲೋಕಪಾಲರ ನೇಮಕವಾದದ್ದು 2019ರ ಮಾರ್ಚ್‌ನಲ್ಲಿ.

ಎರಡನೇ ಪರೀಕ್ಷೆ ಸಂಸದೀಯ ಸಮಿತಿಗಳದು. ಪಿಆರ್‌ಎಸ್ ಸಂಸ್ಥೆಯ ಲೆಕ್ಕದಂತೆ 14ನೇ ಲೋಕಸಭೆಯಲ್ಲಿ ಸುಮಾರು ಶೇ 60ರಷ್ಟು, 15ನೇ ಲೋಕಸಭೆಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗಳ ಪರಿಶೀಲನೆಗೆ ಹೋದವು. ಬಲಾಬಲ ಏಕಪಕ್ಷೀಯವಾಗಿದ್ದ 17ನೇ ಲೋಕಸಭೆಯಲ್ಲಿ ಆ ಪ್ರಮಾಣ ಶೇ 16ರ ಆಸುಪಾಸಿಗೆ ಇಳಿಯಿತು. ಆ ಲೋಕಸಭೆ ಡೆಪ್ಯುಟಿ ಸ್ಪೀಕರ್ ಇಲ್ಲದೆಯೇ ತನ್ನ ಅವಧಿ ಮುಗಿಸಿತು. 2023ರ ಡಿಸೆಂಬರ್‌ನಲ್ಲಿ ಎರಡೂ ಸದನಗಳ 146 ಸದಸ್ಯರು ಅಮಾನತುಗೊಂಡಿದ್ದ ದಿನಗಳಲ್ಲಿ ದೇಶದ ಅಪರಾಧ ಕಾನೂನುಗಳನ್ನೇ ಬದಲಿಸುವ ಮೂರು ಮಸೂದೆಗಳು ಅಂಗೀಕಾರವಾದವು.

2024ರ ಫಲಿತಾಂಶದ ಬಳಿಕ ಗಾಳಿ ಕೊಂಚ ಬದಲಾಯಿತು. 99 ಸ್ಥಾನಗಳ ಕಾಂಗ್ರೆಸ್‌ಗೆ ವಿರೋಧ ಪಕ್ಷದ ನಾಯಕನ ಸ್ಥಾನ ದಕ್ಕಿತು. ವಕ್ಫ್ ತಿದ್ದುಪಡಿ ಮಸೂದೆ ಜಂಟಿ ಸಮಿತಿಗೆ ಹೋಯಿತು. ಏಕಕಾಲಿಕ ಚುನಾವಣೆಯ ಸಂವಿಧಾನ ತಿದ್ದುಪಡಿ ಮಸೂದೆಯ ಮಂಡನೆಗೆ ಡಿಸೆಂಬರ್ 17ರಂದು 269 ಮಂದಿ ಪರ, 198 ಮಂದಿ ವಿರುದ್ಧ ಮತ ಹಾಕಿದರು. ಅಂತಿಮ ಅಂಗೀಕಾರಕ್ಕೆ ಬೇಕಾದ ಮೂರನೇ ಎರಡರಷ್ಟು ಬಲ ಸರ್ಕಾರದ ಬಳಿ ಅಂದು ಇರಲಿಲ್ಲ ಎಂಬುದು ಅಲ್ಲೇ ಗೋಚರವಾಯಿತು. ಆದರೆ ಅಂಕಿಗಳಿಂದ ಮಾತ್ರ ಸಂಸ್ಕೃತಿ ಬದಲಾಗದು. ವಕ್ಫ್ ಮಸೂದೆಯ ಸಮಿತಿ ಆಡಳಿತ ಬಣದ ಸದಸ್ಯರು ಸೂಚಿಸಿದ 14 ತಿದ್ದುಪಡಿಗಳನ್ನು ಒಪ್ಪಿತು, ವಿರೋಧ ಬಣದ ಒಂದನ್ನೂ ಒಪ್ಪಲಿಲ್ಲ. ಸಮಿತಿಯ ಬಾಗಿಲು ತೆರೆಯಿತು, ಮನಸ್ಸು ತೆರೆಯಲಿಲ್ಲ.

ಮೂರನೆಯದು ಹಣದ ಪ್ರಶ್ನೆ. ಕರ್ನಾಟಕದಂಥ ದೊಡ್ಡ ರಾಜ್ಯದಲ್ಲಿ ಲೋಕಸಭಾ ಅಭ್ಯರ್ಥಿಯ ವೆಚ್ಚಕ್ಕೆ 2022ರಲ್ಲಿ 95 ಲಕ್ಷ ರೂಪಾಯಿಗಳ ಮಿತಿ ವಿಧಿಸಲಾಯಿತು. ಆದರೆ ಅಭ್ಯರ್ಥಿಯನ್ನು ನಿಲ್ಲಿಸುವ ಪಕ್ಷದ ವೆಚ್ಚಕ್ಕೆ ಮಿತಿಯೇ ಇಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ ಇದು. 2018ರಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ಅಸಾಂವಿಧಾನಿಕವೆಂದು ರದ್ದುಪಡಿಸಿತು. ಬಳಿಕ ಬಹಿರಂಗವಾದ ವಿವರಗಳ ಪ್ರಕಾರ 2019ರ ಏಪ್ರಿಲ್‌ನಿಂದ ಬಿಜೆಪಿಗೆ 6,000 ಕೋಟಿ ರೂಪಾಯಿಗೂ ಹೆಚ್ಚು ಬಂದಿದ್ದರೆ, ಕಾಂಗ್ರೆಸ್‌ಗೆ ಬಂದದ್ದು 1,400 ಕೋಟಿಯ ಆಸುಪಾಸು. ಆಡಳಿತ ಪಕ್ಷಕ್ಕೆ ಹಣ ಹರಿಯುವುದು ಹೊಸತಲ್ಲ, ಯಾರು ಕೊಟ್ಟರೆಂಬುದು ಮತದಾರನಿಗೆ ಕಾಣದಂತೆ ಕಾನೂನೇ ತೆರೆ ಎಳೆದದ್ದು ಹೊಸತು.

ಇದಕ್ಕೆ ಹೋಲಿಸಿದರೆ ನಮ್ಮಲ್ಲೇ ಇರುವ ಒಂದು ಸಣ್ಣ ಏರ್ಪಾಡು ನನಗೆ ಮಾದರಿಯಾಗಿ ಕಾಣುತ್ತದೆ. 1998ರಿಂದ ಆಕಾಶವಾಣಿ ಮತ್ತು ದೂರದರ್ಶನಗಳಲ್ಲಿ ಮಾನ್ಯತೆ ಪಡೆದ ಪಕ್ಷಗಳಿಗೆ ಉಚಿತ ಪ್ರಚಾರ ಸಮಯ ಹಂಚಲಾಗುತ್ತಿದೆ. ಎಲ್ಲರಿಗೂ ಸಮಾನವಾದ ಮೂಲ ಅವಧಿ, ಅದರ ಮೇಲೆ ಹಿಂದಿನ ಚುನಾವಣೆಯ ಸಾಧನೆಗೆ ತಕ್ಕಂತೆ ಹೆಚ್ಚುವರಿ ಅವಧಿ. ಒಂದಷ್ಟು ಸಮಾನತೆ, ಒಂದಷ್ಟು ಅನುಪಾತ. ದೊಡ್ಡವರ ದೊಡ್ಡತನವನ್ನು ನಿರಾಕರಿಸದೆ ಚಿಕ್ಕವರ ಬಾಯಿ ಮುಚ್ಚದ ಈ ಸೂತ್ರ ಸಂಸತ್ತಿನ ಕಲಾಪಕ್ಕೂ ಪಕ್ಷಗಳ ಹಣಕಾಸಿಗೂ ಯಾಕೆ ಅನ್ವಯಿಸಬಾರದು?

ಕೊನೆಯದಾಗಿ, ನಮ್ಮ ಮಾಧ್ಯಮಗಳ ಸಮತೋಲನದ ಬಗ್ಗೆ ಒಂದು ಮಾತು. ಒಂದು ಪಕ್ಷದ ತಪ್ಪನ್ನು ಬರೆದಾಗಲೆಲ್ಲ ಇನ್ನೊಂದು ಪಕ್ಷದ ತಪ್ಪನ್ನೂ ಅಷ್ಟೇ ಸಾಲುಗಳಲ್ಲಿ ಬರೆಯಿರಿ ಎಂದು ಓದುಗರು ಒತ್ತಾಯಿಸುವುದುಂಟು. ಅವರ ಕಳಕಳಿ ಅರ್ಥವಾಗುತ್ತದೆ. ಆದರೆ ತಕ್ಕಡಿ ಹಿಡಿದವನ ಕೆಲಸ ಎರಡೂ ತಟ್ಟೆಗಳನ್ನು ಸಮವಾಗಿ ನಿಲ್ಲಿಸುವುದಲ್ಲ, ತೂಕದಲ್ಲಿ ಮೋಸ ಮಾಡದಿರುವುದು. ಎರಡು ಪಕ್ಷಗಳಿಗೂ ಒಂದೇ ತೂಕದ ಬೈಗುಳ ಹಂಚುವುದು ನಿಷ್ಪಕ್ಷಪಾತವಲ್ಲ, ಅದು ಜಾಣತನ. ಎಲ್ಲರಿಗೂ ಒಂದೇ ಅಳತೆಗೋಲು ಹಿಡಿಯುವುದು ನಿಷ್ಪಕ್ಷಪಾತ. ಅಧಿಕಾರದಲ್ಲಿರುವವರನ್ನು ಹೆಚ್ಚು ಪ್ರಶ್ನಿಸುವುದೂ ಅದೇ ಅಳತೆಗೋಲಿನ ಭಾಗ, ಏಕೆಂದರೆ ಉತ್ತರಿಸುವ ಹೊಣೆ ಇರುವುದು ಅವರಿಗೆ.

ಹಾಗಾದರೆ ಆಗಬೇಕಾದದ್ದೇನು? ಸಂಖ್ಯೆಯ ಷರತ್ತಿಲ್ಲದೆ ಅತಿ ದೊಡ್ಡ ವಿರೋಧ ಪಕ್ಷದ ನಾಯಕನಿಗೆ ಮಾನ್ಯತೆ ದೊರೆಯುವಂತೆ ಕಾಯ್ದೆಯಲ್ಲೇ ಬರೆಯಬೇಕು. ಡೆಪ್ಯುಟಿ ಸ್ಪೀಕರ್ ಆಯ್ಕೆಗೆ ಕಾಲಮಿತಿ ಬೇಕು. ಮಹತ್ವದ ಮಸೂದೆಗಳು ಸಮಿತಿಗೆ ಹೋಗುವುದು ಸರ್ಕಾರದ ಔದಾರ್ಯವಾಗದೆ ನಿಯಮವಾಗಬೇಕು. ಪಕ್ಷಗಳ ಚುನಾವಣಾ ವೆಚ್ಚಕ್ಕೂ ಮಿತಿ ಬರಬೇಕು. ಪಕ್ಷ ತೊರೆಯಲು ರಾಜೀನಾಮೆ ಕೊಟ್ಟವರು ಆ ಸದನದ ಅವಧಿ ಮುಗಿಯುವತನಕ ಮತ್ತೆ ಸ್ಪರ್ಧಿಸದಂತೆ ಕಾನೂನು ತಡೆಯಬೇಕು. ಇವು ಯಾವುವೂ ಒಂದು ಪಕ್ಷಕ್ಕೆ ಲಾಭ ತರುವ ಸುಧಾರಣೆಗಳಲ್ಲ. ಇಂದು ಅಧಿಕಾರದಲ್ಲಿರುವವರಿಗೆ ಕಿರಿಕಿರಿ ಎನಿಸುವ ಇವೇ ನಿಯಮಗಳು ನಾಳೆ ಅವರು ಎದುರು ಸಾಲಿನಲ್ಲಿ ಕುಳಿತಾಗ ಅವರನ್ನು ಕಾಯುತ್ತವೆ. 1984ರಲ್ಲಿ ಎರಡೇ ಸ್ಥಾನ ಪಡೆದಿದ್ದ ಬಿಜೆಪಿಗೂ, ಅದೇ ವರ್ಷ ನಾನೂರು ದಾಟಿ ಮೂವತ್ತು ವರ್ಷಗಳಲ್ಲಿ 44ಕ್ಕೆ ಇಳಿದ ಕಾಂಗ್ರೆಸ್‌ಗೂ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಮುಂದಿನ ಚುನಾವಣೆಯಲ್ಲಿ ಮುಳ್ಳು ಯಾವ ಕಡೆ ವಾಲುವುದೆಂದು ಭವಿಷ್ಯ ನುಡಿಯುವ ಉಮೇದು ನನಗಿಲ್ಲ. ಅದು ಭಾರಿಯಾಗಿ ಒಂದೇ ಕಡೆ ವಾಲಬಹುದು, ಕೂದಲೆಳೆಯಷ್ಟು ಅಂತರದಲ್ಲಿ ನಿಲ್ಲಲೂಬಹುದು. ಎರಡೂ ಸಂದರ್ಭಗಳಲ್ಲಿ ಸೋತವರ ಮಾತಿಗೆ ಸದನದಲ್ಲಿ ಜಾಗವಿದ್ದರೆ, ಗೆದ್ದವರ ಖಜಾನೆಗೆ ಲೆಕ್ಕವಿದ್ದರೆ, ಯಾರ ಮತವೂ ಮಾರಾಟಕ್ಕಿಲ್ಲದಿದ್ದರೆ ನಮ್ಮ ಪ್ರಜಾಪ್ರಭುತ್ವ ಸಮತೋಲನದಲ್ಲಿದೆ ಎಂದು ಧೈರ್ಯವಾಗಿ ಹೇಳಬಹುದು. ಆ ವ್ಯವಸ್ಥೆಯನ್ನು ಕಟ್ಟುವ ಕೆಲಸವನ್ನು ಮತದಾರ ಪ್ರಭುವಿನ ಜಾಣತನದ ತಲೆಗೆ ಕಟ್ಟಿ ಪಕ್ಷಗಳು ಕೈತೊಳೆದುಕೊಳ್ಳಲಾಗದು.